ನೆಗಡಿಯ ನಾಲಗೆಗೆ ಚೀನೀ ಊಟ

ಕಳೆದ ಮಳೆಗಾಲದಲ್ಲಿ ಅಮೃತೂರಿನಿಂದ ಕುಣಿಗಲ್ಲು, ನೆಲಮಂಗಲಗಳ ಮಾರ್ಗವಾಗಿ ಬೆಂಗಳೂರಿಗೆ ಹೊರಟಿದ್ದೆ. ಬಸ್ಸಿನಲ್ಲಿಯೇ ನೆಗಡಿ ಕಾಣಿಸಿಕೊಂಡಿತು. ನಗರವನ್ನು ಸೇರುವ ವೇಳೆಗೆ ಮೂಗು ಪೂರ್ತಿಯಾಗಿ ಕಟ್ಟಿಹೋಗಿತ್ತು. ಕಾಫಿ ಕುಡಿದರೆ ಸಿಹಿಕಹಿಗಳ ಹೊರತು ಬೇರೇನೂ ಇಲ್ಲ. ತುಪ್ಪ ಹಾಕಿದ ತೊವ್ವೆಯನ್ನವೂ ಸಪ್ಪೆ. ಸಂಜೆ ಸ್ನೇಹಿತರೊಬ್ಬರು ಒತ್ತಾಯಪಡಿಸಿ ಚೀನೀ ಹೋಟೆಲಿಗೆ ಕರೆದೊಯ್ದರು. ಅಲ್ಲಿನ ಬಿಸಿಯಾದ ಹುಳಿಖಾರದ ಸೂಪೂ ಗೋಬಿ ಮಂಚೂರಿಯೂ ನನಗೆ ಚೆನ್ನಾಗಿ ರುಚಿಸಿದುವು! ಬೆಳಗ್ಗೆ ಕೆಟ್ಟಿದ್ದ ನಾಲಗೆ ಸಂಜೆಗೆ ಸರಿಹೋಯಿತೆ? ಇಲ್ಲ. ಕೆಟ್ಟಿದ್ದುದು ನಾಲಗೆಯೇ ಅಲ್ಲ.

ನಾವು ರುಚಿಯೆಂದು ಕರೆಯುವುದರಲ್ಲಿ ಬಹುಭಾಗ ವಾಸನೆಯೇ ಆಗಿದೆ. ಆಹಾರವನ್ನು ಅಗಿಯುವಾಗ ಅದರಿಂದ ಹೊರಟ ಆವಿಯ ಅಣುಗಳು ನಾವು ಬಿಡುವ ಉಸಿರಿನೊಡನೆ ಗಂಟಲಿನ ಹಿಂದಿನಿಂದ ಮೇಲೇರಿ, ಮೂಗಿನ ಮೇಲ್ಭಾಗದಲ್ಲಿರುವ ಘ್ರಾಣಪಟಲವನ್ನು ಮುಟ್ಟುತ್ತವೆ. ಅಲ್ಲಿ ಮನುಷ್ಯನಿಗೆ ಸುಮಾರು 400 ಬಗೆಯ ಗ್ರಾಹಕಗಳುಂಟು. ಇವುಗಳ ಜೀನುಗಳನ್ನು 1991ರಲ್ಲಿ ಕಂಡುಹಿಡಿದ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಅವರಿಗೆ 2004ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ನೆಗಡಿಯಲ್ಲಿ ಒಳಚರ್ಮ ಊದಿ, ಸಿಂಬಳ ಕಟ್ಟಿ, ಗಾಳಿಯ ದಾರಿ ಮುಚ್ಚುತ್ತದೆ. ಗಾಳಿ ಹರಿಯದಿದ್ದರೆ ಅಣುಗಳು ಅಲ್ಲಿಗೆ ತಲಪುವುದೆಂತು?

ಇದನ್ನು ಓದುಗರು ಮನೆಯಲ್ಲಿಯೇ ಪರೀಕ್ಷಿಸಬಹುದು. ಏಲಕ್ಕಿಯ ಪುಡಿ ಬೆರೆಸಿದ ಚಿಟಿಕೆ ಸಕ್ಕರೆಯನ್ನು ಮೂಗನ್ನು ಬಿಗಿಯಾಗಿ ಹಿಡಿದು ಬಾಯಿಗೆ ಹಾಕಿಕೊಳ್ಳಿ. ಸಿಹಿ ಮಾತ್ರ ತಿಳಿಯುತ್ತದೆ. ಬೆರಳು ತೆಗೆದು ಉಸಿರು ಬಿಟ್ಟೊಡನೆ ಏಲಕ್ಕಿ ಪ್ರತ್ಯಕ್ಷವಾಗುತ್ತದೆ.

ಹಾಗಾದರೆ ಚೀನೀ ಊಟ ರುಚಿಸಿದುದೇಕೆ? ನಮ್ಮ ಹಿರಿಯರು ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಎಂದು ಆರು ರಸಗಳನ್ನು ಎಣಿಸಿದರು. ಇವುಗಳಲ್ಲಿ ಸಿಹಿ, ಹುಳಿ, ಉಪ್ಪು, ಕಹಿಗಳನ್ನು ನಾಲಗೆಯೇ ಗುರುತಿಸಬಲ್ಲದು. ಮೂಗಿನ ನೆರವು ಬೇಡ. ಇವುಗಳ ಜೊತೆಗೆ ಐದನೆಯದೊಂದನ್ನು 1908ರಲ್ಲಿ ಜಪಾನಿನ ಕಿಕುನಾಯೆ ಇಕೆಡಾ ತೋರಿಸಿಕೊಟ್ಟರು. ಅವರು ಕಡಲಕಳೆಯ ಸಾರಿನಿಂದ ಬೇರ್ಪಡಿಸಿದ ಗ್ಲುಟಮೇಟ್ ಇದಕ್ಕೆ ಕಾರಣ. 'ಉಮಾಮಿ' ಎಂಬುದು ಅವರಿತ್ತ ಹೆಸರು. ಸೋಯಾ ಸಾಸಿನಲ್ಲಿ ಇದು ಹೇರಳ. ಸೂಪಿನ ವಿನೆಗರು ಹುಳಿಯನ್ನೂ, ಸೋಯಾ ಸಾಸು ಉಪ್ಪು ಮತ್ತು ಉಮಾಮಿಗಳನ್ನೂ ನೇರವಾಗಿ ನಾಲಗೆಗೆ ಒದಗಿಸಿದುವು.

ಇನ್ನು ಖಾರ. ವಿಜ್ಞಾನದ ದೃಷ್ಟಿಯಲ್ಲಿ ಅದು ರುಚಿಯಲ್ಲ, ಉರಿ! ಸುಮಾರು 43 ಡಿಗ್ರಿ ಸೆಲ್ಸಿಯಸ್ಸಿಗೆ ಮೇಲ್ಪಟ್ಟ ಶಾಖವನ್ನು ಅರಿಯುವ ನರಗ್ರಾಹಕವೊಂದನ್ನು ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಎಂಬ ವಸ್ತುವೂ ಕೆರಳಿಸುತ್ತದೆ. ಆದುದರಿಂದಲೇ ಖಾರ ತಿಂದಾಗ ಬಾಯಿ ಸುಟ್ಟಂತಾಗುವುದು. 1997ರಲ್ಲಿ ಈ ಗ್ರಾಹಕವನ್ನು ಗುರುತಿಸಿದ ಡೇವಿಡ್ ಜೂಲಿಯಸ್ ಅವರು 2021ರ ನೊಬೆಲ್ ಪಾರಿತೋಷಕದಲ್ಲಿ ಪಾಲುದಾರರಾದರು. ಕಾಳುಮೆಣಸೂ ಇದನ್ನೇ ಕೆರಳಿಸುತ್ತದೆ. ಈ ಸುದ್ದಿಯನ್ನು ಒಯ್ಯುವ ನರವೇ ಬೇರೆಯಾದುದರಿಂದ ಕಟ್ಟಿದ ಮೂಗು ಇದಕ್ಕೆ ಅಡ್ಡಿಯಲ್ಲ. ಗೋಬಿಯ ಗರಿಗರಿಯಂತೂ ಹಲ್ಲಿಗೂ ಕಿವಿಗೂ ಸೇರಿದ್ದು. ಹಬೆಯೂ ಖಾರವೂ ಮೂಗಿನಿಂದ ನೀರಿಳಿಸಿ ಕ್ಷಣಕಾಲ ಹಗುರಗೊಳಿಸುವುದುಂಟು; ಅದರಿಂದ ನೆಗಡಿ ವಾಸಿಯಾಯಿತೆಂದು ಭ್ರಮಿಸಬಾರದು.

ಆದರೆ ಎಚ್ಚರಿಕೆಯ ಮಾತೂ ಅಗತ್ಯ. ಕೆಟ್ಟ ಆಹಾರವನ್ನು ಮೊದಲು ಹಿಡಿಯುವ ಕಾವಲುಗಾರ ಮೂಗೇ. ನೆಗಡಿಯಾದಾಗ ಆ ಕಾವಲಿಲ್ಲ. ಮೂಗಿಗೂ ತಿಳಿಯದ ಅಪಾಯಗಳುಂಟು. ಬೇಯಿಸಿದ ಅನ್ನವನ್ನು ಹೊರಗೇ ಬಹುಹೊತ್ತು ಇಟ್ಟರೆ, ಕುದಿತಕ್ಕೂ ಸಾಯದೆ ಉಳಿದ 'ಬ್ಯಾಸಿಲಸ್ ಸೀರಿಯಸ್' ಎಂಬ ಬ್ಯಾಕ್ಟೀರಿಯದ ಬೀಜಕಗಳು ಮೊಳೆತು, ವಾಂತಿ ಬರಿಸುವ ವಿಷವನ್ನು ಉತ್ಪತ್ತಿಮಾಡಬಲ್ಲುವು. ಮತ್ತೆ ಬಾಣಲೆಯಲ್ಲಿ ಹುರಿದರೂ ಆ ವಿಷ ನಾಶವಾಗದು. ಆದುದರಿಂದ ಫ್ರೈಡ್ ರೈಸಿಗೆ ಬಳಸುವ ಅನ್ನವನ್ನು ಬೇಗನೆ ತಣಿಸಿ ಶೀತಕದಲ್ಲಿಡಬೇಕು. ಗೋಬಿ ಮಂಚೂರಿಯ ಕಡುಕೆಂಪನ್ನು ನೋಡಿ ಮರುಳಾಗುವುದೂ ಸಲ್ಲದು. 2024ರ ಮಾರ್ಚಿಯಲ್ಲಿ ಕರ್ನಾಟಕ ಸರ್ಕಾರ ಅದಕ್ಕೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿತು. ಪ್ರವಾಸಿಯ ಕಾಯಿಲೆ ಮೂಗಿನದಲ್ಲದೆ ಹೊಟ್ಟೆಯದಾದರೆ, ಖಾರವನ್ನೂ ಎಣ್ಣೆಯನ್ನೂ ಬಿಟ್ಟು, ಉಪ್ಪು ಸಕ್ಕರೆಗಳ ಪುನರ್ಜಲೀಕರಣ ದ್ರಾವಣವನ್ನು ಕುಡಿಯುವುದೇ ಲೇಸು.

ಊರಿಗೆ ಹಿಂದಿರುಗಿ ಈ ಸೋಜಿಗವನ್ನು ಮನೆಯಲ್ಲಿ ವರ್ಣಿಸಿದೆ. ನಮ್ಮ ತಾಯಿಯವರು ನಕ್ಕು, "ನೆಗಡಿಯಾದಾಗ ನಾನು ಮೆಣಸಿನ ಸಾರು ಮಾಡುತ್ತಿದ್ದುದು ಮತ್ತೇತಕ್ಕೆ?" ಎಂದರು. ಹುಣಿಸೆಯ ಹುಳಿ, ಉಪ್ಪು, ಕಾಳುಮೆಣಸಿನ ಉರಿ, ಬಿಸಿ ಹಬೆ: ಹೋಟೆಲಿನ ಸೂಪಿನ ತತ್ತ್ವವೆಲ್ಲ ಆ ಲೋಟದಲ್ಲಿಯೇ ಇತ್ತು.