ಪವರ್ ಸಪ್ಲೈಗೊಂದು ವೇಳಾಪಟ್ಟಿ

ಕಾರಿನ ಎಂಜಿನ್ ಚಾಲೂ ಮಾಡುವಾಗ ಅದರ ದೀಪಗಳು ಕ್ಷಣಕಾಲ ಮಂಕಾಗುವುದನ್ನು ನೀವು ಗಮನಿಸಿರಬಹುದು. ಸ್ಟಾರ್ಟರ್ ಮೋಟಾರು ಭಾರಿ ವಿದ್ಯುತ್ ಪ್ರವಾಹವನ್ನು ಸೆಳೆಯುವುದರಿಂದ ಬ್ಯಾಟರಿಯ ವೋಲ್ಟೇಜ್ ಕುಸಿಯುತ್ತದೆ. ಎಂಜಿನ್ ಓಡತೊಡಗಿದ ಮೇಲೆ ಅದು ಸುಮಾರು 14 ವೋಲ್ಟಿಗೆ ಏರುತ್ತದೆ. ಈ ಏರಿಳಿತವನ್ನು ತಾಳಬೇಕಾದ ವಿದ್ಯುನ್ಮಂಡಲವನ್ನು ಪರೀಕ್ಷಿಸಲು ಕಾರು ಬೇಕಿಲ್ಲ. 12 ವೋಲ್ಟ್ 2 ಸೆಕೆಂಡ್, 6 ವೋಲ್ಟ್ 50 ಮಿಲಿಸೆಕೆಂಡ್, 9 ವೋಲ್ಟ್ 1 ಸೆಕೆಂಡ್, ಕೊನೆಗೆ 14 ವೋಲ್ಟ್ 5 ಸೆಕೆಂಡ್ ಎಂದು ಪವರ್ ಸಪ್ಲೈಗೆ ಹೇಳಿದರೆ ಸಾಕು.

ಹೇಳುವುದು ಹೇಗೆ? ಕಂಪ್ಯೂಟರಿಗೆ ಜೋಡಿಸಬಹುದಾದ ಹೆಚ್ಚಿನ ಸಪ್ಲೈಗಳು 1990ರಲ್ಲಿ ರೂಪುಗೊಂಡ ಎಸ್‌ಸಿಪಿಐ ಎಂಬ ಆದೇಶ ಭಾಷೆಯನ್ನು ಅರಿತಿರುತ್ತವೆ. 'ವೋಲ್ಟ್ 6' ಎಂಬಂಥ ಸರಳ ಸಾಲುಗಳೇ ಅದರ ವಾಕ್ಯಗಳು. ಭಾಷೆ ಸುಲಭ, ಕಷ್ಟವಿರುವುದು ಕಾಲದಲ್ಲಿ.

ನನ್ನ ವಿದ್ಯಾರ್ಥಿಯೊಬ್ಬ ಲೋಹದ ತುಂಡೊಂದನ್ನು ತಂತಿಸುರುಳಿಯಿಂದ ಕಾಯಿಸಿ ಅದರ ವಿಶಿಷ್ಟೋಷ್ಣವನ್ನು ಅಳೆಯುತ್ತಿದ್ದ. 500 ಹಂತಗಳು, ಪ್ರತಿ ಹಂತದಲ್ಲೂ ಆದೇಶ ಕಳಿಸಿ, ಪ್ರವಾಹವನ್ನು ಓದಿ, ಬಳಿಕ 100 ಮಿಲಿಸೆಕೆಂಡ್ ಕಾಯುವುದು. ಒಟ್ಟು 50 ಸೆಕೆಂಡ್ ಎಂದು ಲೆಕ್ಕ ಹಾಕಿದ. ಆದರೆ ಕಳಿಸಿ ಓದುವುದಕ್ಕೇ ಪ್ರತಿ ಸಲ 20 ಮಿಲಿಸೆಕೆಂಡ್ ಹಿಡಿಯುತ್ತಿತ್ತು. ತಂತಿ ಕಾದದ್ದು 60 ಸೆಕೆಂಡ್! ಬೇರೆ ದೋಷಗಳನ್ನು ಬದಿಗಿಟ್ಟರೂ ಉತ್ತರ ಸುಮಾರು ಶೇಕಡಾ 17ರಷ್ಟು ಕಡಿಮೆ ಬಂತು. ಆಲೇಖ ಮಾತ್ರ ಬಹಳ ಸುಂದರವಾಗಿತ್ತು, ಹಾಗಾಗಿ ನನಗೂ ಮೊದಲು ಅನುಮಾನ ಬರಲಿಲ್ಲ. ಪರಿಹಾರ ಸುಲಭ. ಪ್ರತಿ ಹಂತದ ನಂತರ ಇಂತಿಷ್ಟು ಕಾಯುವ ಬದಲು, ಆರಂಭದ ಕ್ಷಣದಿಂದ 100, 200, 300 ಮಿಲಿಸೆಕೆಂಡ್ ಆಗುವವರೆಗೆ ಕಾಯಬೇಕು. ಆಗ ವಿಳಂಬ ಒಂದರ ಮೇಲೊಂದು ಪೇರುವುದಿಲ್ಲ.

ನಮ್ಮ 50 ಮಿಲಿಸೆಕೆಂಡಿನ ಕುಸಿತಕ್ಕೆ ಇದೂ ಸಾಲದು. ಕಂಪ್ಯೂಟರು ನಡುವೆ ಬೇರೆ ಕೆಲಸಕ್ಕೆ ಹೊರಳಬಹುದು. ಕೆಲವು ಸಪ್ಲೈಗಳಲ್ಲಿ 'ಲಿಸ್ಟ್' ವಿಧಾನವಿದೆ. ವೋಲ್ಟೇಜ್ ಮತ್ತು ಅವಧಿಗಳ ಪಟ್ಟಿಯನ್ನು ಸಪ್ಲೈಯ ಸ್ಮೃತಿಯಲ್ಲೇ ತುಂಬಿ 'ಆರಂಭಿಸು' ಎಂದರಾಯಿತು, ಅದರ ಗಡಿಯಾರವೇ ಮುಂದಿನದನ್ನು ನೋಡಿಕೊಳ್ಳುತ್ತದೆ.

ಆದರೂ ವೋಲ್ಟೇಜ್ ಹೇಳಿದ ತಕ್ಷಣ ಇಳಿಯುತ್ತದೆಯೇ? ಔಟ್‌ಪುಟ್‌ಗೆ ಅಡ್ಡಲಾಗಿ 470 ಮೈಕ್ರೊಫ್ಯಾರಡ್ ಸಂಧಾರಕವಿದೆ, ನಿಮ್ಮ ಮಂಡಲದ ರೋಧ 1000 ಓಮ್ ಎಂದುಕೊಳ್ಳಿ. ಕಾಲ ನಿಯತಾಂಕ 0.47 ಸೆಕೆಂಡ್. ಸಂಧಾರಕದ ಆವೇಶ ಈ ರೋಧದ ಮೂಲಕವೇ ಬರಿದಾಗಬೇಕಾದರೆ, 50 ಮಿಲಿಸೆಕೆಂಡ್ ಕಳೆದಾಗ ವೋಲ್ಟೇಜ್ 12ರಿಂದ 10.8ಕ್ಕೆ ಮಾತ್ರ ಇಳಿದಿರುತ್ತದೆ! ಪರದೆಯ ಮೇಲೆ 6 ಎಂದಿರುತ್ತದೆ, ಮಂಡಲ ಆ 6 ವೋಲ್ಟನ್ನು ಕಂಡೇ ಇರುವುದಿಲ್ಲ. ನೀವು ಮಾತ್ರ 'ಉತ್ತೀರ್ಣ' ಎಂದು ಬರೆದುಕೊಂಡಿರುತ್ತೀರಿ. 47 ಓಮ್, 10 ವಾಟ್ ರೋಧಕವೊಂದನ್ನು ಸಮಾಂತರವಾಗಿ ಜೋಡಿಸಿದರೆ ಸುಮಾರು 15 ಮಿಲಿಸೆಕೆಂಡಿನಲ್ಲಿ 6 ವೋಲ್ಟ್ ಮುಟ್ಟುತ್ತದೆ. ಆವೇಶವನ್ನು ತಾವೇ ಹೀರಿಕೊಳ್ಳುವ ಸಪ್ಲೈಗಳೂ ಇವೆ. ಯಾವುದಕ್ಕೂ ಮೊದಲ ಸಲ ಆಸಿಲೋಸ್ಕೋಪಿನಲ್ಲಿ ನೋಡಿಬಿಡಿ.

ಪ್ರವಾಹದ ಮಿತಿಯನ್ನು ಔಟ್‌ಪುಟ್ ಆನ್ ಮಾಡುವ ಮೊದಲೇ ನಿಗದಿಪಡಿಸಿ. ಕಂಪ್ಯೂಟರು ನಡುವೆ ಸ್ತಬ್ಧವಾದರೆ ಸಪ್ಲೈ ಸಾಮಾನ್ಯವಾಗಿ ಕೊನೆಯ ಆದೇಶವನ್ನೇ ಹಿಡಿದು ಕೂರುತ್ತದೆ. ಕಾಯುವ ತಂತಿಯ ಪ್ರಯೋಗವನ್ನು ಹಾಗೆ ಬಿಟ್ಟು ಊಟಕ್ಕೆ ಹೋಗಬೇಡಿ.