ಅಗ್ಗದ ಪ್ರೊಸೆಸರ್ ಬೋರ್ಡು: ಯಾವುದನ್ನು, ಎಲ್ಲಿ, ಹೇಗೆ ಕೊಳ್ಳಬೇಕು?

ಅಂಗಳದಲ್ಲಿ ಅಡಿಕೆ ಹರವಿದ್ದಾಗ ಮಳೆಹನಿ ಬಿದ್ದೊಡನೆ ಗಂಟೆ ಬಾರಿಸುವ ಸಾಧನ, ಕಾಫಿ ಗಿಡದ ಬುಡದ ತೇವ ತಿಳಿಸುವ ಸಾಧನ ಮುಂತಾದವನ್ನು ಮನೆಯಲ್ಲೇ ಮಾಡಿ ನೋಡುವ ಹವ್ಯಾಸ ಬೆಳೆಗಾರರ ಮಕ್ಕಳಲ್ಲಿ ಬೆಳೆಯುತ್ತಿದೆ. ಇವಕ್ಕೆಲ್ಲ ಆಧಾರ ಅಂಗೈಯಗಲದ ಒಂದು ಪ್ರೊಸೆಸರ್ ಬೋರ್ಡು. ಅದರ ಮೇಲಿನ ಚಿಪ್ಪಿನಲ್ಲಿ ಲೆಕ್ಕ ಮಾಡುವ ಭಾಗವೂ ನೆನಪಿನ ಭಾಗವೂ ಒಟ್ಟಿಗೇ ಇರುತ್ತವೆ. ಕಂಪ್ಯೂಟರಿನಿಂದ ಒಮ್ಮೆ ಆಜ್ಞೆ ತುಂಬಿದರೆ ಬೋರ್ಡು ತಾನಾಗಿ ಕೆಲಸ ಮಾಡುತ್ತದೆ.

ಬೀದರ್ ಜಿಲ್ಲೆ ಏಕೆ?

ಈ ವಿಷಯಕ್ಕೆ ಬೀದರ್ ಜಿಲ್ಲೆಯನ್ನು ಉದಾಹರಣೆಯಾಗಿ ತೆಗೆದುಕೊಂಡಿದ್ದೇವೆ. ಅದು ಕಾಫಿ, ಅಡಿಕೆಯ ಸೀಮೆಯಲ್ಲ. ತೊಗರಿ, ಸೋಯಾ ಬೆಳೆಯುವ ಸೀಮೆ. ಆದರೆ ಅಂಗಡಿಯಿಂದ ದೂರವಿರುವ ಕಷ್ಟ ಮಲೆನಾಡಿಗೂ ಅಲ್ಲಿಗೂ ಒಂದೇ. ಬೀದರ್ ನಗರದಲ್ಲಿ ಗುರುನಾನಕ್ ದೇವ್ ಇಂಜಿನಿಯರಿಂಗ್ ಕಾಲೇಜು, ಭಾಲ್ಕಿಯಲ್ಲಿ ಭೀಮಣ್ಣ ಖಂಡ್ರೆ ತಾಂತ್ರಿಕ ವಿದ್ಯಾಸಂಸ್ಥೆ ಇವೆ. ಕಲಿಯುವವರಿಗೆ ಕೊರತೆಯಿಲ್ಲ. ಬಿಡಿಭಾಗಗಳ ದೊಡ್ಡ ಪೇಟೆ ಮಾತ್ರ ದೂರ. ಬೆಂಗಳೂರಿನ ಎಸ್.ಪಿ. ರಸ್ತೆ ಸುಮಾರು 700 ಕಿ.ಮೀ.; ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿ ಸುಮಾರು 140 ಕಿ.ಮೀ. ಬೀದರ್, ಭಾಲ್ಕಿಗಳಿಗೆ ರೈಲಾದರೂ ಉಂಟು. ಔರಾದ್ ಪಟ್ಟಣದವರಿಗೆ ಬಸ್ಸೇ ಗತಿ. ಅಲ್ಲಿ ಒಂದು ಬೋರ್ಡು ಸುಟ್ಟರೆ ಅದರ ಬೆಲೆಯ ಜೊತೆಗೆ ಒಂದು ದಿನವೂ ಬಸ್ಸಿನ ಖರ್ಚೂ ಹೋಗುತ್ತವೆ. ಆದುದರಿಂದ ಬೋರ್ಡಿನ ಬೆಲೆಯೊಂದನ್ನೇ ನೋಡಿ ಅಗ್ಗವೆನ್ನಲಾಗದು.

ಯಾವ ಕೆಲಸಕ್ಕೆ ಯಾವ ಬೋರ್ಡು?

1. ಆರ್ಡುಯಿನೊ ಊನೊ: ಆರ್ಡುಯಿನೊ ಯೋಜನೆ 2005ರಲ್ಲಿ ಇಟಲಿಯಲ್ಲಿ ಪ್ರಾರಂಭವಾಯಿತು; ಊನೊ ಬಂದದ್ದು 2010ರಲ್ಲಿ. ಹೊಸಬರು ಕಲಿಯಲು ಸುಲಭ. ಇದರ ನಕ್ಷೆ ಎಲ್ಲರಿಗೂ ಮುಕ್ತವಾದುದರಿಂದ ಬೇರೆಯವರು ತಯಾರಿಸಿದ ಅಗ್ಗದ ಬೋರ್ಡು ಕೊಳ್ಳುವುದು ತಪ್ಪಲ್ಲ. ಮೂಲ ಹೆಸರನ್ನೇ ಅಚ್ಚು ಹಾಕಿ ಮಾರುವ ನಕಲಿಯನ್ನು ಮಾತ್ರ ಬಿಡಬೇಕು.

2. ಇ.ಎಸ್.ಪಿ. 32: 2016ರಲ್ಲಿ ಬಂದದ್ದು. ವೈಫೈ, ಬ್ಲೂಟೂತ್ ಎರಡೂ ಇದರಲ್ಲೇ ಇವೆ. ತೋಟದ ಸುದ್ದಿ ಮೊಬೈಲಿಗೆ ಬರಬೇಕಾದರೆ ಇದು ಸರಿ.

3. ರಾಸ್ಪ್‌ಬೆರಿ ಪೈ ಪಿಕೊ: 2021ರಲ್ಲಿ 4 ಡಾಲರ್ ಬೆಲೆಗೆ ಬಿಡುಗಡೆಯಾಯಿತು. ವೈಫೈ ಬೇಕಿಲ್ಲದ ಕೆಲಸಕ್ಕೆ ಸಾಕು.

ಇತರ ತಯಾರಕರ ಊನೊ ಸೇರಿದಂತೆ ಈ ಮೂರೂ ಸಾಮಾನ್ಯವಾಗಿ 300ರಿಂದ 600 ರೂಪಾಯಿಯೊಳಗೆ ಸಿಗುತ್ತವೆ. ಪೂರ್ಣ ಕಂಪ್ಯೂಟರೇ ಆದ ದೊಡ್ಡ ರಾಸ್ಪ್‌ಬೆರಿ ಪೈಗೆ ಸಾವಿರಾರು ರೂಪಾಯಿ ಬೇಕು. ಗಂಟೆ ಬಾರಿಸಲು ಅದೇಕೆ?

ಗಮನಿಸಬೇಕಾದ ಅಂಶಗಳು

ಕೊಳ್ಳುವ ಮುನ್ನ ಕಲಿಯಿರಿ. ಟಿಂಕರ್‌ಕ್ಯಾಡ್, ವೋಕ್ವಿ ಎಂಬ ತಾಣಗಳಲ್ಲಿ ಬೋರ್ಡನ್ನು ಕಂಪ್ಯೂಟರ್ ಪರದೆಯ ಮೇಲೆಯೇ ಜೋಡಿಸಿ ಉಚಿತವಾಗಿ ಪರೀಕ್ಷಿಸಬಹುದು. ಅಲ್ಲಿ ಎಷ್ಟು ತಪ್ಪಿದರೂ ನಷ್ಟವಿಲ್ಲ.

ವೋಲ್ಟೇಜು ನೋಡಿ. ಊನೊ 5 ವೋಲ್ಟಿನದು. ಪಿಕೊ ಮತ್ತು ಇ.ಎಸ್.ಪಿ. 32ರ ಪಿನ್ನುಗಳು 3.3 ವೋಲ್ಟಿನವು. 5 ವೋಲ್ಟಿನ ಸಂಕೇತವನ್ನು ಅವಕ್ಕೆ ನೇರವಾಗಿ ಕೊಟ್ಟರೆ ಚಿಪ್ಪು ಹಾಳಾಗಬಹುದು.

ತೇವ ಅಳೆಯಲು ಲೋಹದ ಎರಡು ಕಡ್ಡಿಗಳ ಅಗ್ಗದ ಸೆನ್ಸರ್ ಹಸಿ ಮಣ್ಣಿನಲ್ಲಿ ಬೇಗ ಸವೆಯುತ್ತದೆ. ಕೆಪಾಸಿಟಿವ್ ಬಗೆಯದು ಹೆಚ್ಚು ಬಾಳುತ್ತದೆ. ಬೀದರಿನ ಎರೆಮಣ್ಣಿಗೆ ಹೊಂದಿಸಿದ ಅಳತೆ ಮಲೆನಾಡಿನ ಕೆಂಪು ಮಣ್ಣಿಗೆ ಹೊಂದದು. ನಿಮ್ಮ ಮಣ್ಣನ್ನೇ ಒಣಗಿಸಿಯೂ ನೆನೆಸಿಯೂ ಅಳತೆ ಗುರುತು ಮಾಡಿಕೊಳ್ಳಬೇಕು.

ಪಂಪ್‌ಸೆಟ್ಟಿನ ತಂತಿಯನ್ನು ಅಗ್ಗದ ರಿಲೇಗೆ ನೇರವಾಗಿ ಕೊಡಕೂಡದು. ಅದು ಸ್ಟಾರ್ಟರ್ ಮೂಲಕವೇ ಆಗಬೇಕು, ಮತ್ತು ಬಲ್ಲ ಎಲೆಕ್ಟ್ರಿಷಿಯನ್ನರಿಂದಲೇ ಆಗಬೇಕು. ಇದು ಹಣದ ಮಾತಲ್ಲ, ಪ್ರಾಣದ ಮಾತು.

ಕೂಡಿ ಕೊಳ್ಳಿರಿ

ಔರಾದಿನಲ್ಲಿ ಒಬ್ಬ ಹುಡುಗ ಒಂದೇ ಬೋರ್ಡು ತರಿಸಿದರೆ ಸಾಗಣೆ ವೆಚ್ಚ ಬೋರ್ಡಿನ ಬೆಲೆಯ ಗಣನೀಯ ಪಾಲಾಗುತ್ತದೆ. ಭಾಲ್ಕಿ, ಔರಾದ್, ಬೀದರಿನ ಹತ್ತು ಮಂದಿ ಸೇರಿ ಒಂದೇ ಪಟ್ಟಿ ಕಳಿಸಿದರೆ ಅದು ಹಂಚಿಹೋಗುತ್ತದೆ. ಎರಡು ಬೋರ್ಡು ಹೆಚ್ಚುವರಿಯಾಗಿ ತರಿಸಿಟ್ಟರೆ ಸುಟ್ಟವನ ಕೆಲಸವೂ ನಿಲ್ಲುವುದಿಲ್ಲ. ಒಬ್ಬರೇ ಹೈದರಾಬಾದಿಗೆ ಹೋಗಿ ಎಲ್ಲರ ಪಾಲಿನದನ್ನು ಅಂಗಡಿಯಲ್ಲೇ ಪರೀಕ್ಷಿಸಿ, ಬಿಲ್ಲು ಪಡೆದು ತರಲೂಬಹುದು. ಗೊಬ್ಬರವನ್ನು ಒಟ್ಟಾಗಿ ಕೊಂಡು ಲಾಭ ಕಂಡಿರುವ ನಮ್ಮ ಸದಸ್ಯರಿಗೆ ಈ ದಾರಿ ಹೊಸದೇನಲ್ಲ. ಊರಿನ ಆಸಕ್ತ ಮಕ್ಕಳ ಪಟ್ಟಿಯನ್ನು ಹಿರಿಯರು ಒಟ್ಟುಗೂಡಿಸಿಕೊಟ್ಟರೆ ಮೊದಲ ಹೆಜ್ಜೆ ಇಟ್ಟಂತಾಗುತ್ತದೆ.