ಒಂದೇ ಪ್ರಶ್ನೆ, ಬೇರೆ ಬೇರೆ ಉತ್ತರ

ಕಾಸರಗೋಡಿನ ಕನ್ನಡವೂ ಸೊಲ್ಲಾಪುರದ ಕನ್ನಡವೂ ಒಂದೇ ಭಾಷೆ. ಆದರೂ ಊರಿಂದೂರಿಗೆ ಮಾತಿನ ರೀತಿ ಬೇರೆ. ಗಣಕಯಂತ್ರದ ಭಾಷೆಗಳಲ್ಲಿಯೂ ಹೀಗೆಯೇ ಉಂಟು. ಕೋಷ್ಟಕಗಳಲ್ಲಿ ಕೂಡಿಟ್ಟ ಮಾಹಿತಿಯಿಂದ ಬೇಕಾದುದನ್ನು ಕೇಳಿ ಪಡೆಯುವ ಭಾಷೆಗೆ ಎಸ್‌ಕ್ಯೂಎಲ್ ಎಂದು ಹೆಸರು.

ಕೋಷ್ಟಕಗಳ ಈ ವಿಚಾರವನ್ನು 1970ರಲ್ಲಿ ಐಬಿಎಂ ಸಂಸ್ಥೆಯ ಎಡ್ಗರ್ ಕಾಡ್ ಎಂಬವರು ಮಂಡಿಸಿದರು. 1974ರಲ್ಲಿ ಅದೇ ಸಂಸ್ಥೆಯ ಚೇಂಬರ್ಲಿನ್ ಮತ್ತು ಬಾಯ್ಸ್ ಎಂಬವರು ಭಾಷೆಯನ್ನು ರೂಪಿಸಿ ಪ್ರಕಟಿಸಿದರು. ಅಮೆರಿಕದ ಮಾನಕ ಸಂಸ್ಥೆ ಇದಕ್ಕೆ ನಿಯಮ ಮಾಡಿದ್ದು 1986ರಲ್ಲಿ. ಆದರೆ 1979ರಲ್ಲಿಯೇ ಒರಾಕಲ್ ಮಾರುಕಟ್ಟೆಗೆ ಬಂದಿತ್ತು. ಒಬ್ಬೊಬ್ಬ ತಯಾರಕರೂ ತಮಗೆ ತೋಚಿದ ಫಂಕ್ಷನ್‌ಗಳನ್ನು, ಅಂದರೆ ಸಿದ್ಧ ಸೂತ್ರಗಳನ್ನು, ಸೇರಿಸುತ್ತ ಹೋದರು.

ಇಂದಿನ ದಿನಾಂಕ ಕೇಳಲು ಒರಾಕಲ್‌ನಲ್ಲಿ 'ಸಿಸ್‌ಡೇಟ್', ಎಸ್‌ಕ್ಯೂಎಲ್ ಸರ್ವರ್‌ನಲ್ಲಿ 'ಗೆಟ್‌ಡೇಟ್', ಮೈಎಸ್‌ಕ್ಯೂಎಲ್‌ನಲ್ಲಿ 'ನೌ'. ಹೆಸರು ಬೇರೆಯಾದರೆ ಭಯವಿಲ್ಲ. ಯಂತ್ರವೇ ತಪ್ಪೆಂದು ಹೇಳುತ್ತದೆ. ಹೆಸರು ಒಂದೇ ಆಗಿದ್ದು ಉತ್ತರ ಬೇರೆಯಾದಾಗಲೇ ಅಪಾಯ.

ಸರಾಸರಿ ತೆಗೆಯುವ ಫಂಕ್ಷನ್ 'ಎವಿಜಿ'. ಒಬ್ಬ ವಿದ್ಯಾರ್ಥಿಗೆ ಎರಡು ಪರೀಕ್ಷೆಗಳಲ್ಲಿ 59 ಮತ್ತು 60 ಅಂಕ ಬಂದಿವೆ ಎನ್ನಿ. ಮೈಎಸ್‌ಕ್ಯೂಎಲ್ 59.5 ಎನ್ನುತ್ತದೆ. ಅಂಕಗಳನ್ನು ಪೂರ್ಣಾಂಕಗಳಾಗಿ ಇಟ್ಟಿದ್ದರೆ ಎಸ್‌ಕ್ಯೂಎಲ್ ಸರ್ವರ್ ಕೊಡುವ ಉತ್ತರ ಬರೀ 59. ಅರ್ಧ ಅಂಕ ಸದ್ದಿಲ್ಲದೆ ಹೋಯಿತು!

ಕನ್ನಡಿಗರಾದ ನಾವು ವಿಶೇಷವಾಗಿ ಗಮನಿಸಬೇಕಾದದ್ದು ಉದ್ದ ಅಳೆಯುವ 'ಲೆಂಗ್ತ್'. 'ಸರಸ್ವತಿ' ಎಂಬ ಹೆಸರು ನಮ್ಮ ಕಣ್ಣಿಗೆ ನಾಲ್ಕೇ ಅಕ್ಷರ. ಯಂತ್ರವು ಒತ್ತಕ್ಷರದ ಚಿಹ್ನೆಯನ್ನೂ ಗುಣಿತದ ಚಿಹ್ನೆಯನ್ನೂ ಬೇರೆಯಾಗಿ ಎಣಿಸುವುದರಿಂದ ಪೋಸ್ಟ್‌ಗ್ರೆಸ್‌ನಲ್ಲಿ 7 ಎಂಬ ಉತ್ತರ ಬರುತ್ತದೆ. ಮೈಎಸ್‌ಕ್ಯೂಎಲ್‌ನ 'ಲೆಂಗ್ತ್' ಎಣಿಸುವುದು ಚಿಹ್ನೆಗಳನ್ನಲ್ಲ, ಅವು ಹಿಡಿಯುವ ಬೈಟ್‌ಗಳನ್ನು. ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿ ಚಿಹ್ನೆಗೆ 3 ಬೈಟ್. ಆದುದರಿಂದ ಉತ್ತರ 21. ಇಂಗ್ಲಿಷ್ ಅಕ್ಷರಕ್ಕಾದರೋ ಒಂದೇ ಬೈಟ್.

ಹೆಸರು 20ನ್ನು ಮೀರಬಾರದೆಂದು ಈ ಫಂಕ್ಷನ್‌ನಿಂದ ಅಳೆದರೆ, ಇಂಗ್ಲಿಷಿನಲ್ಲಿ ಬರೆದ ಸರಸ್ವತಿಗೆ ಪ್ರವೇಶವುಂಟು, ಕನ್ನಡದ ಸರಸ್ವತಿಗಿಲ್ಲ. ಇಂಗ್ಲಿಷ್ ಹೆಸರುಗಳಿಂದಲೇ ಪರೀಕ್ಷಿಸಿದವರಿಗೆ ಈ ದೋಷ ಕಾಣುವುದೇ ಇಲ್ಲ. ಪರಿಹಾರ ಸುಲಭ: 'ಕ್ಯಾರ್ ಲೆಂಗ್ತ್' ಬಳಸಿದರೆ ಎರಡೂ ಕಡೆ 7 ಎಂದೇ ಬರುತ್ತದೆ.

ವಿದ್ಯಾರ್ಥಿ ಮಿತ್ರರೇ, ನಿಮ್ಮಲ್ಲಿ ಕೆಲವರಾದರೂ ಮುಂದೆ ಇಂಥ ಕೆಲಸಕ್ಕೆ ಹೋಗುವಿರಿ. ಫಂಕ್ಷನ್‌ನ ಹೆಸರನ್ನು ನಂಬಬೇಡಿ. ಅದು ಏನನ್ನು ಎಣಿಸುತ್ತದೆಂದು ಕೈಪಿಡಿಯಲ್ಲಿ ಓದಿ ತಿಳಿಯಿರಿ. ಪರೀಕ್ಷಿಸುವಾಗ ಒಂದೆರಡು ಕನ್ನಡ ಹೆಸರುಗಳನ್ನೂ ಬರೆದು ನೋಡಿರಿ.